ಸಂಚಕಾರಕ್ಕಿಂತ ಮೊದಲು ಉತಾರ ಕೇಳಿ

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಖಾಸಗಿ ಶಾಲೆಯ ಟೀಚರ್. ನಮ್ಮ ಮನೆಯವರು ಉದ್ಯಮಬಾಗದ ಫೌಂಡ್ರಿಯಲ್ಲಿದ್ದಾರೆ. ಇಬ್ಬರದೂ ಸೇರಿ ತಿಂಗಳಿಗೆ 48 ಸಾವಿರ ಬರುತ್ತದೆ. ಕೂಡಿಟ್ಟದ್ದು 7 ಲಕ್ಷ. ಒಂಬತ್ತು ವರ್ಷದಿಂದ ವಡಗಾವಿಯಲ್ಲಿ ಬಾಡಿಗೆಗೆ ಇದ್ದೇವೆ. ಮೂವರು ಏಜೆಂಟರು ಮೂರು ಮನೆ ತೋರಿಸಿದ್ದಾರೆ. ಕಂಗ್ರಾಳಿ ಕಡೆ ಒಂದು ಗುಂಟೆಯಲ್ಲಿ ಕಟ್ಟಿದ ಹೊಸ ಮನೆ, 22 ಲಕ್ಷ. ಈಗ ಬಾಂಡ್ ಮೇಲೆ ಮಾಡೋಣ, ಪಂಚಾಯಿತಿಯ ಇ-ಸ್ವತ್ತು ದಾಖಲೆ ಆದ ಮೇಲೆ ಖರೀದಿ ಅನ್ನುತ್ತಾರೆ. ಗಣೇಶಪುರದ ಹತ್ತಿರ ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್, 28 ಲಕ್ಷ. ಖಾಸಬಾಗದಲ್ಲಿ ಹಳೆಯ ಮನೆ, 25 ಲಕ್ಷ. ಮೊದಲಿನ ಇಬ್ಬರು ನಮ್ಮಿಂದ ದಲಾಲಿ ಬೇಡ ಅಂದಿದ್ದಾರೆ. ಖಾಸಬಾಗದವರು ಮಾತ್ರ ಶೇ. 2 ಕೇಳುತ್ತಾರೆ, ಜೊತೆಗೆ "ಮೊದಲು ಕಾಗದ ಯಾರಿಗಾದರೂ ತೋರಿಸಿಕೊಂಡು ಬನ್ನಿ" ಅಂದರು. ಕಂಗ್ರಾಳಿಯವರು ನಾಳೆಯೇ 50 ಸಾವಿರ ನಗದು ಟೋಕನ್ ಕೇಳುತ್ತಿದ್ದಾರೆ. ಯಾರನ್ನು ನಂಬೋಣ? ನಮ್ಮ ದುಡ್ಡಿಗೆ ಮನೆ ಸಿಗುತ್ತದಾ?

ಉತ್ತರ: ನಾಳೆ ಟೋಕನ್ ಕೊಡಬೇಡಿ ಟೀಚರ್. ಉಳಿದದ್ದನ್ನು ಮನೆಯವರ ಜೊತೆ ಕೂತು ನಿಧಾನವಾಗಿ ಓದಿ.

ನಾನು ವಕೀಲ. ಮನೆ, ಪ್ಲಾಟುಗಳ ಕಾಗದ ನೋಡುವುದು, ಖರೀದಿ ಪತ್ರ ಬರೆಯುವುದು ನನ್ನ ದಿನನಿತ್ಯದ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕರ್ಧ ಜನ ದುಡ್ಡು ಕೊಟ್ಟ ಮೇಲೆ ಬರುತ್ತಾರೆ. ನೀವು ಕೊಡುವ ಮೊದಲೇ ಕೇಳಿದ್ದೀರಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ದಲಾಲಿ ವಿಷಯ ನೋಡೋಣ. "ನಿಮ್ಮಿಂದ ಏನೂ ಬೇಡ" ಅನ್ನುವ ಏಜೆಂಟ್ ಪುಕ್ಕಟೆ ಓಡಾಡುವುದಿಲ್ಲ. ಅವನ ದುಡ್ಡು ಬೇರೆ ಕಡೆಯಿಂದ ಬರುತ್ತದೆ. ಹೊಸ ಫ್ಲ್ಯಾಟ್ ಆದರೆ ಬಿಲ್ಡರ್ ಕೊಡುತ್ತಾರೆ. ಬಿಡಿ ಮನೆಯಾದರೆ ಎಷ್ಟೋ ಸಲ ‘ನೆಟ್ ರೇಟ್’ ಮಾತಾಗಿರುತ್ತದೆ. ಮಾಲೀಕರು "ನನಗೆ ಕೈಗೆ 19 ಬರಲಿ, ಮೇಲಿನದು ನಿನಗೆ" ಅಂದಿರುತ್ತಾರೆ. ಅವನು ನಿಮಗೆ 22 ಹೇಳುತ್ತಾನೆ. ನೀವು ಚೌಕಾಶಿ ಮಾಡಿ 21ಕ್ಕೆ ಇಳಿಸಿ ಖುಷಿಯಾಗುತ್ತೀರಿ. ಅಲ್ಲಿ ನಿಮ್ಮ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ, ಅಲ್ವಾ? ನಿಮ್ಮ ಮೂವರಲ್ಲಿ ಮುಖಕ್ಕೆ ಮುಖ ಕೊಟ್ಟು ಇಷ್ಟು ಕೊಡಿ ಅಂದವರು ಖಾಸಬಾಗದವರೊಬ್ಬರೇ. ಕಾಗದ ತೋರಿಸಿಕೊಂಡು ಬನ್ನಿ ಅಂದವರೂ ಅವರೇ. ಹಾಗಂತ ಅವರನ್ನು ಕಣ್ಣು ಮುಚ್ಚಿ ನಂಬಿ ಅಂತ ಹೇಳುತ್ತಿಲ್ಲ. ಆದರೆ ಮಾತು ಶುರು ಮಾಡಬೇಕಾದರೆ ಅವರಿಂದಲೇ ಮಾಡಿ.

ಶೇ. 2 ಅಂದರೆ 50 ಸಾವಿರ. ಸಾಮಾನ್ಯವಾಗಿ ಶೇ. 1ರಿಂದ 2ರ ಒಳಗೆ ಮಾತಾಗುತ್ತದೆ. ಒಂದೂವರೆಗೆ ಕೇಳಿ. ಅದರ ಜೊತೆ ಇನ್ನೊಂದು ಪ್ರಶ್ನೆ ನೇರವಾಗಿಯೇ ಕೇಳಿ: ಮಾರುವವರಿಂದಲೂ ತೆಗೆದುಕೊಳ್ಳುತ್ತೀರಾ? ತೆಗೆದುಕೊಳ್ಳುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ದಲಾಲಿಯನ್ನು ಸಂಚಕಾರದ ದಿನ, ಅಂದರೆ ಮುಂಗಡ ಕೊಡುವ ದಿನ, ಕೊಡಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ಪತ್ರ ನೋಂದಣಿಯಾದ ದಿನ ಕೊಡುತ್ತೇವೆ ಅನ್ನಿ. ಇದಕ್ಕೆ ಒಪ್ಪಿದವರು ವ್ಯವಹಾರ ಮುಗಿಯುವ ತನಕ ನಿಮ್ಮ ಜೊತೆ ನಿಲ್ಲುತ್ತಾರೆ. ಒಪ್ಪದವರಿಗೆ ನಿಮ್ಮ ಮನೆಗಿಂತ ನಿಮ್ಮ ಟೋಕನ್ ಮುಖ್ಯ.

ಏಜೆಂಟರಿಗೆ ಕಾನೂನು ಇದೆಯಾ ಅಂತ ಬಹಳ ಜನ ಕೇಳುತ್ತಾರೆ. ಇದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ, ಕಾಯ್ದೆಯ ಪ್ರಕಾರ ರೇರಾದಲ್ಲಿ ನೋಂದಣಿಯಾದ ಯೋಜನೆಯ ಫ್ಲ್ಯಾಟ್, ಪ್ಲಾಟ್ ಮಾರಿಸುವ ಏಜೆಂಟ್ ತಾನೂ ನೋಂದಣಿ ಮಾಡಿಸಿರಬೇಕು. ನೋಂದಣಿ ಆಗಬೇಕಾಗಿದ್ದೂ ಆಗದ ಯೋಜನೆಯನ್ನು ಅವರು ಮಾರಿಸುವಂತೆಯೇ ಇಲ್ಲ. ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ಏಜೆಂಟರ ಹೆಸರು ಹಾಕಿ ಹುಡುಕಬಹುದು. ಅವರ ನೋಂದಣಿ ಸಂಖ್ಯೆಯ ನಡುವೆ ‘ಎಜಿ’ ಅಂತ ಇರುತ್ತದೆ, ಯೋಜನೆಯ ಸಂಖ್ಯೆಯಲ್ಲಿ ‘ಪಿಆರ್’ ಅಂತ ಇರುತ್ತದೆ. ಕೆಲವರು ಬಿಲ್ಡರ್‌ನ ಸಂಖ್ಯೆಯನ್ನೇ ತಮ್ಮ ವಿಸಿಟಿಂಗ್ ಕಾರ್ಡಿನ ಮೇಲೆ ಹಾಕಿಕೊಂಡಿರುತ್ತಾರೆ. ಈ ಎರಡು ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಗಣೇಶಪುರದ ಏಜೆಂಟ್ ಹತ್ತಿರ ಎರಡೂ ಸಂಖ್ಯೆ ಕೇಳಿ. ಖಾಸಬಾಗದಂಥ ಹಳೆಯ ಬಿಡಿ ಮನೆಯ ಮಾರಾಟಕ್ಕೆ ಈ ನಿಯಮ ಬರುವುದಿಲ್ಲ. ಅಲ್ಲಿ ಆ ಮನುಷ್ಯನ ನಡೆಯನ್ನೇ ನೋಡಬೇಕು.

ನಡೆ ನೋಡುವುದು ಹೇಗೆ? ಫೋನ್ ಮಾಡಿದ ಮೊದಲ ದಿನವೇ "ಉತಾರ ಕಳಿಸಿ" ಅನ್ನಿ. ಉತಾರ ಅಂದರೆ ಆಸ್ತಿಯ ಸರ್ಕಾರಿ ದಾಖಲೆಯ ನಕಲು. ಹಿಂದೆ ಅವರ ಮೂಲಕ ಮನೆ ಕೊಂಡ ಇಬ್ಬರ ನಂಬರ್ ಕೇಳಿ. ಮಾರಿದವರದ್ದಲ್ಲ, ಕೊಂಡವರದ್ದು. ಮಾಲೀಕರನ್ನು ಭೇಟಿ ಮಾಡಿಸಿ ಅನ್ನಿ. ನಮ್ಮಲ್ಲಿ ಮಾಲೀಕರು ಪುಣೆಯಲ್ಲೋ ಕೊಲ್ಹಾಪುರದಲ್ಲೋ ಇರುವುದು ಜಾಸ್ತಿ. ಅದೇ ನೆಪವೂ ಆಗುತ್ತದೆ. "ಅವರು ಬರೂದಿಲ್ರಿ, ನನ್ನ ಕಡೆ ಜಿಪಿಎ ಐತಿ" ಅಂದರೆ ಅಲ್ಲಿಗೇ ನಿಲ್ಲಿ. ಜಿಪಿಎ ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರ ಪತ್ರ. ಬರೀ ಅದರ ಮೇಲೆ, ಒಪ್ಪಂದದ ಮೇಲೆ ಮನೆ ನಿಮ್ಮದಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಜಿಪಿಎ ಇದ್ದವರು ಮಾಲೀಕರ ಪರವಾಗಿ ಖರೀದಿ ಪತ್ರ ನೋಂದಣಿ ಮಾಡಿಕೊಡಬಹುದು. ಆದರೆ ಅದಕ್ಕೂ ಮೊದಲು ಮಾಲೀಕರ ಜೊತೆ ನೀವೇ ಮಾತಾಡಬೇಕು, ಆ ಜಿಪಿಎ ಇನ್ನೂ ಚಾಲ್ತಿಯಲ್ಲಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಒಂದು ಕಾಗದದ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ದಂಪತಿ ನನ್ನ ಟೇಬಲ್ ಮೇಲೆ ಪ್ಲಾಸ್ಟಿಕ್ ಫೈಲ್ ಇಟ್ಟರು. ಮೂರು ಲಕ್ಷ ಸಂಚಕಾರ ಕೊಟ್ಟಾಗಿತ್ತು. ಫೈಲಿನಲ್ಲಿ ಸಿಟಿ ಸರ್ವೆಯ ಪಿಆರ್ ಕಾರ್ಡಿನ, ಅಂದರೆ ಆಸ್ತಿ ಯಾರದು ಅಂತ ತೋರಿಸುವ ದಾಖಲೆಯ, ಝೆರಾಕ್ಸ್ ಇತ್ತು. ಎಲ್ಲ ಸರಿ ಕಾಣುತ್ತಿತ್ತು. ಆದರೆ ಬಲಗಡೆಯ ಅಂಚಿನಲ್ಲಿ ಒಂದು ತೆಳ್ಳನೆಯ ಕಪ್ಪು ಗೆರೆ ಮೇಲಿಂದ ಕೆಳಗೆ ಹೋಗಿತ್ತು. ಕಾಗದ ಮಡಚಿ ಝೆರಾಕ್ಸ್ ಮಾಡಿದಾಗ ಬೀಳುವ ಗೆರೆ ಅದು. ಸಿಟಿ ಸರ್ವೆ ಕಚೇರಿಯಿಂದ ಹೊಸ ನಕಲು ತರಿಸಿದೆವು. ಮಡಚಿದ ಭಾಗದಲ್ಲಿ ಒಂದು ಸೊಸೈಟಿಯ ಸಾಲದ ಬೋಜಾ, ಅಂದರೆ ಆಸ್ತಿಯ ಮೇಲಿನ ಸಾಲದ ನಮೂದು, ಇತ್ತು. ಏಜೆಂಟ್ "ನನಗೆ ಕೊಟ್ಟದ್ದೇ ಹಂಗ" ಅಂದರು. ಇರಬಹುದು. ಆದರೆ ಸರ್ಕಾರಿ ಕಚೇರಿಯಿಂದ ಒಂದು ನಕಲು ತರಲು ಅವರಿಗೆ ಆಗುತ್ತಿರಲಿಲ್ಲವಾ? ಆ ಮೂರು ಲಕ್ಷ ವಾಪಸ್ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ಆ ತಾಯಿ ಎರಡು ವಾರಕ್ಕೊಮ್ಮೆ ನನ್ನ ಆಫೀಸಿಗೆ ಬಂದು ಸುಮ್ನೆ ಕೂತು ಹೋಗುತ್ತಿದ್ದರು.

ಅದಕ್ಕೇ ಹೇಳುವುದು, ಏಜೆಂಟ್ ಕೊಟ್ಟ ಝೆರಾಕ್ಸ್ ಓದಲು ಮಾತ್ರ. ನಂಬಲು ಹೊಸ ನಕಲು ಬೇಕು. ಖಾಸಬಾಗದ ಮನೆಗೆ ನೀವು ತರಿಸಬೇಕಾದದ್ದು ಸಿಟಿಎಸ್ (ಸಿಟಿ ಸರ್ವೆ) ನಂಬರಿನ ಪಿಆರ್ ಕಾರ್ಡ್, ಮಹಾನಗರ ಪಾಲಿಕೆಯ ಇ-ಖಾತಾ, 30 ವರ್ಷದ ಇಸಿ ಅಂದರೆ ಋಣಭಾರ ಪತ್ರ, ಹಿಂದಿನ ಖರೀದಿ ಪತ್ರಗಳು, ಈ ವರ್ಷದ ತನಕ ತೆರಿಗೆ ಕಟ್ಟಿದ ರಸೀದಿ. ಇಸಿಯನ್ನು ಕಾವೇರಿ ತಂತ್ರಾಂಶದಲ್ಲಿ ನೀವೇ ತೆಗೆಯಬಹುದು, ಹಳೆಯ ವರ್ಷಗಳದ್ದಕ್ಕೆ ಕಚೇರಿಗೆ ಹೋಗಬೇಕಾಗಬಹುದು. ಇಸಿ ಸ್ವಚ್ಛ ಇದ್ದರೆ ಸಾಕು ಅಂದುಕೊಳ್ಳಬೇಡಿ. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಬರುತ್ತದೆ. ಪಿಆರ್ ಕಾರ್ಡ್ ಮತ್ತು ಇಸಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಹೆಸರು, ಅಳತೆ, ಇಸವಿ ತಾಳೆ ನೋಡಬೇಕು. ಬೆಳಗಾವಿಯ ಹಳೆಯ ಕಾಗದಗಳು ಎಷ್ಟೋ ಮರಾಠಿಯಲ್ಲಿರುತ್ತವೆ. ಮುಂಬೈ ಪ್ರಾಂತ್ಯದ ಕಾಲದವು. ಓದಲು ಬರದಿದ್ದರೆ ಬಿಟ್ಟುಬಿಡಬೇಡಿ, ಬಲ್ಲವರಿಂದ ಅಕ್ಷರ ಅಕ್ಷರ ಓದಿಸಿ.

ಹಳೆಯ ಮನೆಯಲ್ಲಿ ಅದಕ್ಕಿಂತ ದೊಡ್ಡ ತೊಡಕು ಹೆಣ್ಣುಮಕ್ಕಳ ಸಹಿ. ಖಾಸಬಾಗ, ವಡಗಾವಿ, ಶಹಾಪುರದಲ್ಲಿ ಅಜ್ಜ ಕಟ್ಟಿದ, ಮಗ್ಗ ಇದ್ದ ಮನೆಗಳು ಬಹಳ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ವಾರಸಾ ಮಾಡಿಸಿಕೊಂಡು ಮಾರಲು ಬರುತ್ತಾರೆ. ಮದುವೆಯಾಗಿ ಹೋದ ಅಕ್ಕನ ಹೆಸರೇ ಇರುವುದಿಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2005ಕ್ಕಿಂತ ಮೊದಲೇ ತಂದೆ ತೀರಿಕೊಂಡಿದ್ದರೂ ಈ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಂಶಾವಳಿ ತರಿಸಿ. ಅದರಲ್ಲಿರುವ ಪ್ರತಿಯೊಬ್ಬರೂ ಖರೀದಿ ಪತ್ರಕ್ಕೆ ಸಹಿ ಮಾಡಬೇಕು. "ಅಕ್ಕ ಏನೂ ಅನ್ನೂದಿಲ್ರಿ" ಅಂದರೆ, ಹಾಗಾದರೆ ಸಹಿಗೆ ಬರಲಿ ಅನ್ನಿ. ಇದು ಆ ಅಕ್ಕನಿಗೂ ನ್ಯಾಯ, ನಿಮಗೂ ನಿಶ್ಚಿಂತೆ. ಕೊನೆಗೆ ವಕೀಲರ ಮೂಲಕ ಪೇಪರಿನಲ್ಲಿ ಜಾಹೀರ ನೋಟಿಸು ಕೊಡಿಸಿ. ನಮ್ಮ ಊರಲ್ಲಿ ಒಂದು ಕನ್ನಡ, ಒಂದು ಮರಾಠಿ ಪೇಪರ್ ಎರಡರಲ್ಲೂ ಕೊಡುವುದು ಒಳ್ಳೆಯದು.

ಇನ್ನು ಕಂಗ್ರಾಳಿ ಮನೆ. ಹೊಸ ಟೈಲ್ಸ್, ಹೊಸ ಬಣ್ಣ, ಮೂರರಲ್ಲಿ ಅದೇ ಅಗ್ಗ. ನಿಮ್ಮ ಮನಸ್ಸು ಅದರ ಮೇಲೆ ಇದೆ ಅಂತ ಪ್ರಶ್ನೆ ಓದಿದರೆ ತಿಳಿಯುತ್ತದೆ. ಆದರೂ ಬೇಡ. ಹೊಲವನ್ನು ಗುಂಟೆ ಗುಂಟೆ ತುಂಡು ಮಾಡಿ ಮಾರಿದ ಜಾಗ ಅದು ಅನ್ನುವ ಅನುಮಾನ ನನಗೆ ಬಲವಾಗಿದೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ಕಾಗದ ಸರಿ ಇರಬೇಕಾದರೆ ಆ ಹೊಲ ಎನ್ಎ, ಅಂದರೆ ಕೃಷಿಯೇತರ ಜಮೀನು, ಆಗಿರಬೇಕು, ಮೇಲೆ ಲೇಔಟ್‌ಗೆ ಬುಡಾದ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರದ) ಮಂಜೂರಾತಿ ಇರಬೇಕು. ಬರೀ "ಎನ್ಎ ಆಗೇದ" ಅಂದರೆ ಅರ್ಧ ಕೆಲಸ ಅಷ್ಟೇ. ಈಗ ಇ-ಖಾತಾ ಅಥವಾ ಇ-ಸ್ವತ್ತು ಇಲ್ಲದೆ ಖರೀದಿ ನೋಂದಣಿ ಆಗುವುದಿಲ್ಲ. ಅದಕ್ಕೇ ಬಾಂಡ್ ಮಾತು ಬಂದಿರುವುದು. ಬಾಂಡ್ ಪೇಪರ್ ಮೇಲೆ ಮನೆ ನಿಮ್ಮ ಹೆಸರಿಗೆ ಬರುವುದಿಲ್ಲ. ನಾಳೆ ಪಂಚಾಯಿತಿಯಿಂದ ನಮೂನೆ 11ಬಿ ತಂದುಕೊಟ್ಟರೂ ಹಿಗ್ಗಬೇಡಿ. ಮಂಜೂರಾತಿ ಇಲ್ಲದ ಆಸ್ತಿಗೆ ಕೊಡುವ ನಮೂನೆ ಅದು. ನಿಮಗೆ ಬೇಕಾದದ್ದು 9 ಮತ್ತು 11ಎ. ಬ್ಯಾಂಕ್ ಸಾಲ ಕೊಡದ ಮನೆಗೆ 22 ಲಕ್ಷ ಎಲ್ಲಿಂದ ತರುತ್ತೀರಿ? ಕೈಗಡ, ಬಡ್ಡಿ ಸಾಲ, ಬಂಗಾರ. ಹಾಗೆ ಲೆಕ್ಕ ಹಾಕಿದರೆ ಮೂರರಲ್ಲಿ ತುಟ್ಟಿಯಾದ ಮನೆ ಅದೇ.

ನಗದಿನ ಬಗ್ಗೆಯೂ ಒಂದು ಮಾತು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ತಡೆದಿದೆ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. "ಕ್ಯಾಶ್ ಬೇಕ್ರಿ" ಅಂದವರಿಗೆ ಇದನ್ನು ಹೇಳಿ, ಮಾಲೀಕರ ಬ್ಯಾಂಕ್ ಖಾತೆ ನಂಬರ್ ಕೇಳಿ. ಏಜೆಂಟರ ಖಾತೆಗಲ್ಲ, ಮಾಲೀಕರ ಖಾತೆಗೆ.

ಈಗ ದುಡ್ಡಿನ ಲೆಕ್ಕ. ಶೇ. 8.5 ಬಡ್ಡಿಯಲ್ಲಿ 20 ವರ್ಷಕ್ಕೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. 20 ಲಕ್ಷಕ್ಕೆ 17,360. ನಿಮ್ಮ 48 ಸಾವಿರದಲ್ಲಿ ಇದು ಕಟ್ಟುವಂಥದ್ದು. ಮಕ್ಕಳ ಫೀಸು, ಆಸ್ಪತ್ರೆ ನೆನೆಸಿಕೊಂಡರೆ ಇದಕ್ಕಿಂತ ಮೇಲೆ ಹೋಗಬೇಡಿ. ನಿಮ್ಮ 7 ಸೇರಿ ಒಟ್ಟು 27 ಲಕ್ಷ ಆಯಿತು. ಹಾಗಂತ 27ರ ಮನೆ ನೋಡುವಂತಿಲ್ಲ. ಹಳೆಯ ಮನೆಗೆ ಮುದ್ರಾಂಕ ಶುಲ್ಕ ಶೇ. 5, ಸೆಸ್ ಮತ್ತು ಸರ್ಚಾರ್ಜ್ ಸೇರಿ ಪಟ್ಟಣದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿದೆ. ಒಟ್ಟು ಶೇ. 7.6. ಮನೆ 24 ಲಕ್ಷಕ್ಕೆ ಮುಗಿದರೆ 1,82,400 ರೂಪಾಯಿ ಸರ್ಕಾರಕ್ಕೆ. ಸರ್ಕಾರದ ಮಾರ್ಗಸೂಚಿ ದರ ಜಾಸ್ತಿ ಇದ್ದರೆ ಆ ದರದ ಮೇಲೆ ಲೆಕ್ಕ. ದಲಾಲಿ ಒಂದೂವರೆ ಅಂದರೆ 36 ಸಾವಿರ. ವಕೀಲರು, ನಕಲು, ನೋಟಿಸಿಗೆ 25 ಸಾವಿರ ಇಟ್ಟುಕೊಳ್ಳಿ. ಉಳಿಯುವುದು ಐವತ್ತು ಸಾವಿರದ ಮೇಲೆ ಸ್ವಲ್ಪ. ಅದು ರಿಪೇರಿಗೆ ಬೇಕೇ ಬೇಕು. ಹೀಗಾಗಿ ನಿಮ್ಮ ಮಿತಿ 24. ಖಾಸಬಾಗದ 25ನ್ನು 24ಕ್ಕೆ ತರಬೇಕು. ಅದು ಆಗುವ ಮಾತೇ.

ಗಣೇಶಪುರದ ಫ್ಲ್ಯಾಟಿಗೆ ಶುಲ್ಕ ಕಡಿಮೆ. ಮೊದಲ ಸಲ ನೋಂದಣಿಯಾಗುವ, 45 ಲಕ್ಷದ ಒಳಗಿನ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ. 3. ಎಲ್ಲ ಸೇರಿ 28 ಲಕ್ಷಕ್ಕೆ ಒಂದೂವರೆ ಲಕ್ಷ. ಕಟ್ಟಡ ಇನ್ನೂ ಮುಗಿದಿಲ್ಲವಾದ್ದರಿಂದ ಶೇ. 1 ಜಿಎಸ್‌ಟಿಯೂ ಬರುತ್ತದೆ, ಅದೂ ಒಳಗಿನ ವಿಸ್ತೀರ್ಣ 90 ಚದರ ಮೀಟರ್ ಮೀರದಿದ್ದರೆ. ನಿಮಗೆ ಇದು ಬಿಗಿಯಾಗುತ್ತದೆ. ಮನೆ ಸಿಗುವ ತನಕ ಬಾಡಿಗೆ, ಕಂತು ಎರಡೂ ಕಟ್ಟಬೇಕಲ್ಲ. ಆದರೂ ಮನಸ್ಸಿದ್ದರೆ ನೆನಪಿಡಿ: ನೋಂದಣಿಯಾದ ಒಪ್ಪಂದ ಆಗುವ ಮೊದಲು ಬಿಲ್ಡರ್ ಶೇ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಅಂದರೆ 2.8 ಲಕ್ಷ. ಅದರ ಮೇಲೆ ಒಂದು ರೂಪಾಯಿ ಕೇಳಿದರೂ ಕಾನೂನು ನಿಮ್ಮ ಕಡೆಗಿದೆ.

ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ನಿಮಗೆ ಸಿಗಬಹುದು. ಇದನ್ನು ಯಾವ ಏಜೆಂಟರೂ ನಿಮಗೆ ಹೇಳಿದಂತಿಲ್ಲ. ವರ್ಷದ ಆದಾಯ 9 ಲಕ್ಷದ ಒಳಗಿರಬೇಕು, ನಿಮ್ಮದು 5.76 ಲಕ್ಷ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ದೇಶದಲ್ಲಿ ಎಲ್ಲೂ ನಿಮ್ಮ ಕುಟುಂಬದ ಹೆಸರಲ್ಲಿ ಪಕ್ಕಾ ಮನೆ ಇರಬಾರದು. ಸಾಲದ ಮೊದಲ 8 ಲಕ್ಷಕ್ಕೆ ಶೇ. 4 ಬಡ್ಡಿ ಸಹಾಯಧನ, ಗರಿಷ್ಠ 1.80 ಲಕ್ಷ, ಐದು ವರ್ಷದ ಕಂತಿನಲ್ಲಿ ಬರುತ್ತದೆ. ಮನೆಯನ್ನು ನಿಮ್ಮ ಹೆಸರಿಗೆ ಇಲ್ಲವೇ ಇಬ್ಬರ ಹೆಸರಿಗೂ ಮಾಡಿಸಿ. ಸಾಲಕ್ಕೆ ಅರ್ಜಿ ಹಾಕುವಾಗಲೇ ಬ್ಯಾಂಕಿನಲ್ಲಿ ಕೇಳಿ.

ಖಾಸಬಾಗದ್ದು ಕೂಡದಿದ್ದರೆ ಎಲ್ಲಿ ಹುಡುಕಬೇಕು? ಲಿಫ್ಟ್ ಇಲ್ಲದ ಹಳೆಯ ಮೂರು ಮಹಡಿ ಅಪಾರ್ಟ್‌ಮೆಂಟುಗಳಲ್ಲಿ ಮೇಲಿನ ಮಹಡಿಯ ಫ್ಲ್ಯಾಟುಗಳನ್ನು ಕೇಳಿ ನೋಡಿ. ಟಿಳಕವಾಡಿ, ಅನಗೋಳ, ಭಾಗ್ಯನಗರದಲ್ಲಿ ವಯಸ್ಸಾದವರು ಮೆಟ್ಟಿಲು ಹತ್ತಲಾಗದೆ ಮಾರುತ್ತಾರೆ. ನಿಮ್ಮ ಮನೆಯವರಿಗೆ ಕೆಲಸಕ್ಕೆ ಹತ್ತಿರ ಆಗಬೇಕಾದರೆ ಮಚ್ಛೆ, ಪೀರನವಾಡಿ ಕಡೆ ನೋಡಿ, ಆದರೆ ಗುಂಟೆ ಪ್ಲಾಟಿನ ಬಗ್ಗೆ ಹೇಳಿದ್ದೆಲ್ಲ ಅಲ್ಲಿಗೂ ಅನ್ವಯಿಸುತ್ತದೆ. ಬ್ಯಾಂಕ್ ಹರಾಜಿನ ಮನೆ ಅಗ್ಗ ಕಾಣುತ್ತದೆ. ಹರಾಜು ಗೆದ್ದರೆ ಮರುದಿನದೊಳಗೆ ಕಾಲು ಭಾಗ, ಉಳಿದದ್ದು ಸಾಮಾನ್ಯವಾಗಿ 15 ದಿನದಲ್ಲಿ ಕಟ್ಟಬೇಕು. ಒಳಗೆ ಹಳೆಯ ಮಾಲೀಕರೇ ಕೂತಿದ್ದರೆ ಕಬ್ಜಾಕ್ಕೆ ಓಡಾಡಬೇಕು. ನೌಕರಿ ಮಾಡುವ ನಿಮ್ಮಿಬ್ಬರಿಗೆ ಅದನ್ನು ಹೇಳಲಾರೆ.

ಸಂಚಕಾರ ಪತ್ರ ಬರೆಸುವಾಗ ಮೂರು ಮಾತು ಬಿಡಬೇಡಿ. ಕಾಗದದ ದೋಷದಿಂದ ಬ್ಯಾಂಕ್ ಸಾಲ ಕೊಡದಿದ್ದರೆ ಸಂಚಕಾರ ಇಷ್ಟು ದಿನದಲ್ಲಿ ಪೂರ್ತಿ ವಾಪಸ್ ಅಂತ ಬರೆಸಿ. ಎಲ್ಲ ವಾರಸುದಾರರ ಸಹಿ ಹಾಕಿಸಿ. ಅವಧಿ 90 ದಿನ ಇರಲಿ, ಬ್ಯಾಂಕಿನ ಕೆಲಸಕ್ಕೆ ಸಮಯ ಬೇಕು.

ಈಗ ಮಳೆ ಹಿಡಿದಿದೆ. ಬೆಳಗಾವಿಯಲ್ಲಿ ಹಳೆಯ ಮನೆ ನೋಡಲು ಇದೇ ಸರಿಯಾದ ಕಾಲ. ಎರಡು ದಿನ ಬಿಡದೆ ಸುರಿದ ಮೇಲೆ ಖಾಸಬಾಗಕ್ಕೆ ಹೋಗಿ. ಮಳೆ ಹೊಡೆಯುವುದು ಪಶ್ಚಿಮದಿಂದ. ಆ ಗೋಡೆಗೆ ಒಳಗಿನಿಂದ ಅಂಗೈ ಇಟ್ಟು ನೋಡಿ. ಕಪಾಟು ಇದ್ದರೆ ಸರಿಸಿ, ಹಿಂದೆ ನೋಡಿ. ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆಯಾ ಕೇಳಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, 2019ರ ಆಗಸ್ಟ್‌ನಲ್ಲಿ ಓಣಿಯಲ್ಲಿ ನೀರು ಎಲ್ಲಿಯ ತನಕ ನಿಂತಿತ್ತು, ಬಳ್ಳಾರಿ ನಾಲಾ ಎಷ್ಟು ದೂರ, ಇದನ್ನೆಲ್ಲ ಏಜೆಂಟರಿಗಲ್ಲ, ಎದುರು ಮನೆಯ ಅಜ್ಜಿಗೆ ಕೇಳಿ. ಗೋಡೆ ಹಸಿ ಇದ್ದರೆ ಗಾರೆ ಕೆಲಸದವರನ್ನು ಕರೆಸಿ ಖರ್ಚು ಬರೆಸಿಕೊಳ್ಳಿ. ಆ ಚೀಟಿ ಇಟ್ಟುಕೊಂಡು 24ರ ಮಾತು ಶುರು ಮಾಡಿ.

ಸೋಮವಾರ ಖಾಸಬಾಗದ ಏಜೆಂಟರಿಗೆ ಫೋನ್ ಮಾಡಿ ಪಿಆರ್ ಕಾರ್ಡಿನ ಹೊಸ ನಕಲು ಮತ್ತು ವಂಶಾವಳಿ ಕೇಳಿ. ಎಷ್ಟು ದಿನದಲ್ಲಿ ತಂದುಕೊಡುತ್ತಾರೆ ನೋಡಿ. ಬಂದ ಮೇಲೆ ಯಾವುದಾದರೂ ವಕೀಲರಿಗೆ ಫೈಲ್ ಕೊಟ್ಟು ಒಂದು ವಾರ ಬಿಡಿ. ಕಂಗ್ರಾಳಿಯವರು ಮತ್ತೆ ಫೋನ್ ಮಾಡಿ ನಾಳೆ ಬೇರೆ ಪಾರ್ಟಿ ಬರುತ್ತದೆ ಅಂದರೆ, ಕೊಡಿ ಅನ್ನಿ.